ವಿಲಾಯತಿ ಗಾಡಿ ಕುಡಿದ ಪೆಟ್ರೋಲು

ಮೋಟಾರು ದುರಸ್ತಿಯ ಕೆಲಸಕ್ಕೆ ಹೊಸದಾಗಿ ಬಂದ ಹುಡುಗರು ಈಗಲೂ ಆಗಾಗ ನನ್ನ ಮನೆಯ ಕಟ್ಟೆಗೆ ಬಂದು ಕೂರುತ್ತಾರೆ. ಯಾವ ಎಂಜಿನ್ನಿಗೆ ಯಾವ ಎಣ್ಣೆ, ಯಾವ ಶಬ್ದಕ್ಕೆ ಯಾವ ರೋಗ ಎಂದು ಕೇಳುತ್ತಾರೆ. ಅದನ್ನೆಲ್ಲ ಕೈ ತಾನಾಗಿ ಕಲಿಯುತ್ತದೆ. ನನಗೆ ಹೇಳಬೇಕೆನಿಸುವುದು ಬೇರೆ. ಮಿಸ್ತ್ರಿಯ ಬಾಯಿಂದ ಬೀಳುವ ಒಂದು ಮಾತಿನ ಮೇಲೆ ಕೆಲವೊಮ್ಮೆ ಇನ್ನೊಬ್ಬನ ಅನ್ನ ನಿಂತಿರುತ್ತದೆ. ನಾನು ಎಲ್ಲೆಲ್ಲಿ ದುಡಿದೆ, ನನ್ನ ಪಗಾರ ಯಾವಾಗ ಏರಿತು ಎಂಬುದರಿಂದ ಯಾರಿಗೂ ಉಪಯೋಗವಿಲ್ಲ. ಎಪ್ಪತ್ತರ ದಶಕದ ನಡುವೆ, ಪೆಟ್ರೋಲಿನ ಬೆಲೆ ಒಮ್ಮೆಲೇ ಏರಿ ಕಾರು ಇದ್ದವರೆಲ್ಲ ಬಸ್ಸಿಗೆ ನಿಲ್ಲತೊಡಗಿದ್ದ ಕಾಲದಲ್ಲಿ, ಒಂದು ಗಾಡಿಯ ಸಂಗಡ ಕಳೆದ ಸುಗ್ಗಿಯನ್ನು ಬರೆದಿಡುತ್ತೇನೆ. ಕಂಡದ್ದನ್ನು ಕಂಡೆ ಎಂದು, ಕೇಳಿದ್ದನ್ನು ಕೇಳಿದೆ ಎಂದು ಬರೆಯುತ್ತೇನೆ.

ಆಗ ನಾನು ವಿಜಾಪುರ ಸೀಮೆಯ ಇಂಡಿ ಎಂಬ ಊರಿನಲ್ಲಿ ಒಂದು ಪೇಢಿಯಲ್ಲಿ, ಎಂದರೆ ಸಗಟು ವ್ಯಾಪಾರದ ಅಂಗಡಿಯಲ್ಲಿ, ಮಿಸ್ತ್ರಿಯಾಗಿದ್ದೆ. ಯಜಮಾನರು ಗುರುಪಾದಪ್ಪ ಸಾವುಕಾರರು. ಇಂಡಿಯ ಲಿಂಬೆ, ಸುತ್ತಲಿನ ತೊಗರಿ, ಕುಸುಬೆ ಕೊಂಡು ಹೊರಗೆ ಕಳಿಸುವ ವ್ಯಾಪಾರ ಅವರದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರಿನ ರೈತರು ಅವರಿಗೆ ಮಾಲು ಹಾಕುತ್ತಿದ್ದರು. ಪೇಢಿಗೆ ಎರಡು ಲಾರಿಗಳಿದ್ದವು. ನನ್ನನ್ನು ಇಟ್ಟುಕೊಂಡದ್ದು ಆ ಲಾರಿಗಳಿಗಾಗಿ. ಹೀಗಿರುವಾಗ ಸಾವುಕಾರರು ಒಮ್ಮೆ ಮುಂಬಯಿಗೆ ಹೋದವರು ಲಿಲಾವಿನಲ್ಲಿ, ಎಂದರೆ ಹರಾಜಿನಲ್ಲಿ, ಒಂದು ಗಾಡಿ ಹಿಡಿದು ಬಂದರು. ಪರದೇಶದ ಅಧಿಕಾರಿಯೊಬ್ಬ ಬಳಸಿ ಬಿಟ್ಟುಹೋದದ್ದು. ಎಂಟು ಸಿಲಿಂಡರಿನ ಎಂಜಿನ್, ಸ್ಟೇರಿಂಗ್ ಎಡಗಡೆ, ಬಾಗಿಲುಗಳ ಮೇಲೆ ಮರದ ಪಟ್ಟಿ, ಒಳಗೆ ಚರ್ಮದ ಸೀಟು, ಕಾಲಡಿ ಗಾಲೀಚೆ. ಗುಂಡಿ ಒತ್ತಿದರೆ ಹಿಂದಿನ ಗಾಜು ತಾನಾಗಿ ಇಳಿಯುತ್ತಿತ್ತು. ಗೇರಿನ ಪಕ್ಕದಲ್ಲಿ ಇನ್ನೊಂದು ಗಿಡ್ಡ ಹಿಡಿ ಇತ್ತು. ಅದನ್ನು ಎಳೆದರೆ ಎಂಜಿನ್ನಿನ ಬಲ ಮುಂದಿನ ಗಾಲಿಗಳಿಗೂ ಹೋಗಿ ನಾಲ್ಕೂ ಗಾಲಿ ಗಾಡಿಯನ್ನು ಎಳೆಯುತ್ತಿದ್ದವು. ಮಳೆಗಾಲದಲ್ಲಿ ನಮ್ಮ ಎರೆಮಣ್ಣಿನ ಹಾದಿ ಹೇಗಿರುತ್ತದೆಂದು ಬಲ್ಲವರಿಗೆ ಅದರ ಬೆಲೆ ತಿಳಿದೀತು.

ಸಾವುಕಾರರ ತಾಯಿ ಗಾಡಿಗೆ ಕುಂಕುಮ ಹಚ್ಚಿದರೇ ಹೊರತು ಒಳಗೆ ಹತ್ತಲಿಲ್ಲ. ತೊಗಲಿನ ಮೇಲೆ ತಾನು ಕೂರುವುದಿಲ್ಲ ಎಂದುಬಿಟ್ಟರು. ಕೊನೆಗೆ ಅವರದೇ ಹಳೆಯ ಕೌದಿಗಳನ್ನು ಸೀಟಿನ ಮೇಲೆ ಹೊಲಿಸಬೇಕಾಯಿತು. ಮುಂಬಯಿಯ ಅಧಿಕಾರಿ ಆ ಗಾಡಿಯನ್ನು ನೋಡಿದ್ದರೆ ಗುರುತು ಹಿಡಿಯುತ್ತಿರಲಿಲ್ಲ. ಆದರೆ ಆ ಕೌದಿಗಳಿಂದಲೇ ಚರ್ಮ ನಮ್ಮ ಬಿಸಿಲಿಗೆ ಬಿರಿಯದೆ ಉಳಿಯಿತು.

ಅಂಥ ಗಾಡಿಗೆ ನಮ್ಮ ಕಡೆ ಒಂದು ಬಿಡಿಭಾಗವೂ ಸಿಗುತ್ತಿರಲಿಲ್ಲ. ಗ್ಯಾಸ್ಕೆಟ್ ಹರಿದರೆ ದಪ್ಪ ರಟ್ಟು ಕತ್ತರಿಸಿ ಎಣ್ಣೆಯಲ್ಲಿ ನೆನೆಸಿ ಕೂರಿಸಬೇಕು. ಫ್ಯಾನ್ ಬೆಲ್ಟಿಗೆ ಹಿಟ್ಟಿನ ಗಿರಣಿಯ ಬೆಲ್ಟು. ಮೊದಲ ಬೇಸಿಗೆಯಲ್ಲಿ ಗಾಡಿ ಕುದಿಯತೊಡಗಿತು. ನೋಡಿದರೆ ರೇಡಿಯೇಟರಿನ ಕೊಳವೆಗಳ ಒಳಗೆ ಸುಣ್ಣದಂಥ ಪೊರೆ ಕಟ್ಟಿತ್ತು. ಡೋಣಿ ನದಿಯ ಸೀಮೆಯಲ್ಲಿ ಎಲ್ಲೋ ಉಪ್ಪುನೀರು ತುಂಬಿಸಿದ್ದರು. ಸೊಲ್ಲಾಪುರದಿಂದ ಆಸಿಡ್ ತರಿಸಬೇಕೆಂದು ನಾನು ಹೇಳಿದೆ. ಪೇಢಿಯ ಹಿಂದೆ ಕೊಳೆಯುತ್ತಿದ್ದ ಡಾಗಿ ಲಿಂಬೆಯ ರಾಶಿಯನ್ನು ತೋರಿಸಿ ಸಾವುಕಾರರು, ಇದು ಆಗುವುದಿಲ್ಲವೇ ಎಂದು ಕೇಳಿದರು. ತಮಾಷೆಗೆ ಕೇಳಿದರೋ ಖರೆಯಾಗಿ ಕೇಳಿದರೋ ನನಗೆ ಇಂದಿಗೂ ಗೊತ್ತಿಲ್ಲ. ಹಮಾಲರು ಕೂತು ಕೊಡಗಟ್ಟಲೆ ರಸ ಹಿಂಡಿದರು. ಅದನ್ನು ತುಂಬಿ, ಎಂಜಿನ್ ಬಿಸಿ ಮಾಡಿ, ಹೊರಗೆ ಬಿಟ್ಟೆವು. ಹೀಗೆ ಮೂರು ಸಲ. ಬಂದ ನೀರು ಮಜ್ಜಿಗೆಯಂತೆ ಇತ್ತು. ಆಮೇಲೆ ಗಾಡಿ ಕುದಿಯಲಿಲ್ಲ.

ಆ ಗಾಡಿಯನ್ನು ಓಡಿಸುತ್ತಿದ್ದವನು ಸಾಯಬಣ್ಣ. ಹೊರ್ತಿಯವನು. ಮನೆತನ ಬೌದ್ಧರಾದದ್ದು, ಅಪ್ಪ ಕೂಲಿ ಮಾಡಿ ಮಗನನ್ನು ಏಳನೆಯ ಇಯತ್ತೆಯವರೆಗೆ ಓದಿಸಿದ್ದ. ಮೊದಲು ನಮ್ಮ ಲಾರಿಯ ಮೇಲಿದ್ದವನ ಕೈಗೆ ಸಾವುಕಾರರೇ ಹೊಸ ಗಾಡಿಯ ಚಾವಿ ಕೊಟ್ಟಿದ್ದರು. ಮಾತು ಕಡಿಮೆ, ನಗು ಹೆಚ್ಚು. ಗಾಡಿ ಒರೆಸುವಾಗ ಅದರ ಸಂಗಡ ಏನೋ ಗೊಣಗುತ್ತಿದ್ದುದನ್ನು ನಾನು ಕೇಳಿದ್ದೇನೆ.

ಎಂಟು ಸಿಲಿಂಡರಿನ ಗಾಡಿ ಪೆಟ್ರೋಲು ಕುಡಿಯುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಸಾವುಕಾರರಿಗೂ ಗೊತ್ತಿತ್ತು. ಆದರೆ ಸುಗ್ಗಿ ಶುರುವಾದ ಮೇಲೆ ಅದು ಕುಡಿದ ರೀತಿ ಬೇರೆ. ನಾಲ್ಕೂ ಊರು ಸುತ್ತಿ ಬರುವ ಹಾದಿಗೆ ಮೊದಲು ಒಂದು ಟಾಕಿ ಹೆಚ್ಚೂಕಡಿಮೆ ಸಾಲುತ್ತಿತ್ತು. ಈಗ ಬಾಗೇವಾಡಿಯ ಪಂಪಿನಲ್ಲಿ ಮತ್ತೆ ತುಂಬಿಸದೆ ಊರು ಮುಟ್ಟುತ್ತಿರಲಿಲ್ಲ. ಪೇಢಿಯ ದಿವಾನ್ಜಿ, ಎಂದರೆ ಲೆಕ್ಕ ನೋಡುವ ಹಿರಿಯ ಗುಮಾಸ್ತ ಮಲಕಾಜಪ್ಪ, ಒಂದು ಸಂತೆಯ ದಿನ ಪೇಢಿಯ ಕಟ್ಟೆಯ ಮೇಲೆ ನಿಂತು, ಹಮಾಲರು ರೈತರು ಎಲ್ಲ ಕೇಳುವಂತೆ ಹೇಳಿದ.

"ಗಾಡಿ ಕುಡ್ಯಾಕತ್ತಿಲ್ರಿ ಸಾವುಕಾರ್ರ. ಸಾಯಬಣ್ಣ ಕುಡಸಾಕತ್ತಾನ. ಬಾಗೇವಾಡ್ಯಾಗ ಯಾರ್ಯಾರ ಡಬ್ಬಿ ತುಂಬಿ ಬರ್ತಾನ, ಕೇಳ್ರಿ ಅವನ್ನ."

ಸಾಯಬಣ್ಣ ಗಾಡಿಯ ಪಕ್ಕದಲ್ಲೇ ನಿಂತಿದ್ದ. ಅವನ ಕೈಯಲ್ಲಿದ್ದ ಒರೆಸುವ ಅರಿವೆ ಹಾಗೇ ನಿಂತಿತು. ಸಾವುಕಾರರು ಅವನ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದರು.

"ಮಿಸ್ತ್ರಿ, ನೀ ಹೇಳು. ಇಷ್ಟು ಹಾದಿಗಿ ಇಷ್ಟು ಪೆಟ್ರೋಲ್ ಹತ್ತತೈತೇನು?"

ಹತ್ತುವುದಿಲ್ಲ ಎಂಬುದು ನನ್ನ ನಾಲಗೆಯ ತುದಿಯಲ್ಲಿತ್ತು. ಯಾವ ಮಿಸ್ತ್ರಿಯನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದ. ನಾನು ಬಾಯಿ ತೆರೆಯದಿರಲು ಕಾರಣವಿತ್ತು. ವಿಜಾಪುರದಲ್ಲಿ ಕೆಲಸ ಕಲಿಯುತ್ತಿದ್ದಾಗ ನಮ್ಮ ಉಸ್ತಾದರು ಇಂಥದೇ ಪ್ರಶ್ನೆಗೆ ನಿಂತ ಕಾಲಲ್ಲಿ ಉತ್ತರ ಕೊಟ್ಟಿದ್ದರು. ಲಾರಿಯ ಕ್ಲೀನರನೊಬ್ಬನನ್ನು ಅದೇ ಸಂಜೆ ಮಾಲಕ ಕಳ್ಳನೆಂದು ಓಡಿಸಿದ. ಕೆಲವು ತಿಂಗಳ ಮೇಲೆ ಅದೇ ಲಾರಿಯ ಟಾಕಿ ಬಿಚ್ಚಿದಾಗ, ತಳದ ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಓಡುವಾಗ ಮಾತ್ರ ಬಾಯಿ ಬಿಡುತ್ತಿದ್ದ ಬಿರುಕು. ಉಸ್ತಾದರು ಆ ದಿನ ಹತಾರ ಮುಟ್ಟಲಿಲ್ಲ. ಕ್ಲೀನರನನ್ನು ಹುಡುಕಿಸಿದರು, ಸಿಗಲಿಲ್ಲ. ಅವರ ಮುಖ ನನ್ನ ಕಣ್ಣಿಂದ ಹೋಗಿಲ್ಲ.

"ನನಗ ಗೊತ್ತಿಲ್ರಿ," ಎಂದೆ. "ನೋಡಿ ಹೇಳ್ತೇನ್ರಿ."

"ಮಿಸ್ತ್ರಿಗಿ ಗೊತ್ತಿಲ್ಲಂದ್ರ ಮತ್ಯಾರಿಗಿ ಗೊತ್ತಿರಬೇಕು, ಆ ಲಿಂಬಿಕಾಯಿಗೇನು?" ಎಂದ ದಿವಾನ್ಜಿ. ಹಮಾಲರು ನಕ್ಕರು. ಸಾವುಕಾರರು ನಗಲಿಲ್ಲ, ನೋಡಿಯೇ ಹೇಳು ಎಂದು ಒಳಗೆ ಹೋದರು.

ಸಾಯಬಣ್ಣ ಆ ದಿನ ನನ್ನ ಹತ್ತಿರ ಬಂದು ಕೂತ. ಆಮೇಲೆ, "ನೌಕರಿ ಹೋದ್ರ ಹೋಗ್ಲಿ ಮಿಸ್ತ್ರಿ," ಎಂದ. "ಪೆಟ್ರೋಲ್ ಕಳ್ಳ ಅಂತ ಹೆಸರು ಬಿದ್ರ ನಾಕೂ ತಾಲೂಕಿನಾಗ ನನ್ನ ಕೈಯಾಗ ಯಾರೂ ಸ್ಟೇರಿಂಗ್ ಕೊಡಂಗಿಲ್ಲ. ನಮ್ಮಂಥಾವರ ಹೆಸರು ಒಮ್ಮಿ ಹೋದ್ರ ಹೋತು." ನೀನು ಕದ್ದಿಲ್ಲ ಎಂದು ನಾನು ಅವನಿಗೆ ಹೇಳಲಿಲ್ಲ. ನಾನು ಇನ್ನೂ ನೋಡಿರಲಿಲ್ಲ. ಹಾಗೆ ಹೇಳದಿದ್ದುದಕ್ಕೆ ಅವನಿಗೆ ಬೇಸರವಾಯಿತೇನೋ. ಮುಖ ತಿರುಗಿಸಿ ಎದ್ದುಹೋದ.

ಟಾಕಿಗೆ ಮುದ್ರೆ ಹಾಕಿ ಗಾಡಿ ಓಡಿಸಿ ನೋಡೋಣ ಎಂಬ ಉಪಾಯ ನನ್ನದು. ಪೇಢಿಯಲ್ಲಿ ಮಾಲಿನ ಮಾದರಿ ಚೀಲಗಳಿಗೆ ಅರಗು ಕಾಸಿ ಹಿತ್ತಾಳೆಯ ಮುದ್ರೆ ಒತ್ತುವ ರೂಢಿ ಇತ್ತು. ದಿವಾನ್ಜಿಗೆ ಅದು ಬಹಳ ಇಷ್ಟವಾಯಿತು. ಟಾಕಿ ಕಂಠಮಟ್ಟ ತುಂಬಿಸಿ, ಮುಚ್ಚಳದ ಸುತ್ತ ದಾರ ಕಟ್ಟಿ, ತಾನೇ ಅರಗು ಸುರಿದು ಮುದ್ರೆ ಒತ್ತಿದ. ಟಾಕಿಯ ತಳದಲ್ಲಿ ಹೊಲಸು ಬಿಡುವ ಬೋಲ್ಟು ಒಂದಿದೆ, ಅದಕ್ಕೂ ಹಾಕಿರಿ ಎಂದು ನಾನು ಹೇಳಿದೆ. ಇಲ್ಲದಿದ್ದರೆ ನಾಳೆ ಅದರ ಮಾತು ಬರುತ್ತಿತ್ತು. ದಿವಾನ್ಜಿ ತನ್ನ ಬಿಳಿ ಧೋತರ ನೋಡಿಕೊಂಡ. ಸಾಯಬಣ್ಣ ಸುಮ್ಮನೆ ಒಂದು ಗೋಣಿತಾಟು ತಂದು ಗಾಡಿಯ ಕೆಳಗೆ ಹಾಸಿದ. ದಿವಾನ್ಜಿ ಅದರ ಮೇಲೆ ಅಂಗಾತ ಮಲಗಿ ಎರಡನೆಯ ಮುದ್ರೆ ಒತ್ತಿ ಬಂದ.

ನಾವು ನಾಲ್ವರು ಹೊರಟೆವು. ಸಾವುಕಾರರು ಮುಂದೆ, ನಾನೂ ದಿವಾನ್ಜಿಯೂ ಹಿಂದೆ. ಇಂಡಿಯಿಂದ ಸಿಂದಗಿ, ದೇವರ ಹಿಪ್ಪರಗಿಯ ಕಡೆಯಿಂದ ಇಳಿದು ಡೋಣಿ ದಾಟಿ ಮುದ್ದೇಬಿಹಾಳ, ಅಲ್ಲಿಂದ ಬಾಗೇವಾಡಿ, ಮನಗೂಳಿ, ವಿಜಾಪುರ, ಹೊರ್ತಿಯ ಮೇಲೆ ಹಾಯ್ದು ತಿರುಗಿ ಇಂಡಿ. ಎಲ್ಲೂ ಪೆಟ್ರೋಲು ಹಾಕಿಸುವುದಿಲ್ಲ ಎಂದು ಮಾತಾಗಿತ್ತು.

ಸುಗ್ಗಿಯಲ್ಲಿ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಕೊಯ್ದ ತೊಗರಿ, ಕುಸುಬೆಯನ್ನು ರಸ್ತೆಗೆ ಅಡ್ಡಲಾಗಿ ಹರವಿ, ಹೋಗಿಬರುವ ವಾಹನಗಳ ಗಾಲಿಯಿಂದಲೇ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಸಾವುಕಾರರ ಗಾಡಿ ಭಾರ, ಗಾಲಿ ಅಗಲ. ಅದು ಒಮ್ಮೆ ಹಾಯ್ದರೆ ಎತ್ತಿನ ಅರ್ಧ ದಿನದ ಕೆಲಸ. ದೂರದಿಂದಲೇ ಗುರುತಿಸಿ ಜನ ಕೈ ಮಾಡುತ್ತಿದ್ದರು. ಹಿಪ್ಪರಗಿಯ ಹತ್ತಿರ ಒಬ್ಬ ಹೆಣ್ಣುಮಗಳು ರಸ್ತೆಯ ನಡುವೆ ನಿಂತು, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಹಾಯಿಸದೆ ಬಿಡುವುದಿಲ್ಲ ಎಂದಳು. ಸಾವುಕಾರರಿಗೆ ಅದೊಂದು ಹಿಗ್ಗು. ಎಲ್ಲ ತಮ್ಮದೇ ಪೇಢಿಗೆ ಬರುವ ಮಾಲಲ್ಲವೇ, ಹಾಯಿಸು ಎನ್ನುವರು. ಸಾಯಬಣ್ಣ ಹಾಯಿಸುವನು. ಹೊಟ್ಟು ಮುಗಿಲಿಗೆ ಹಾರುತ್ತಿತ್ತು. ನಾನು ಗಾಜು ಏರಿಸಿ ಕೂತು ಮುದ್ರೆಯ ವಿಚಾರವನ್ನೇ ಯೋಚಿಸುತ್ತಿದ್ದೆ.

ಮನಗೂಳಿ ದಾಟಿ ಸ್ವಲ್ಪ ದೂರಕ್ಕೆ ಗಾಡಿ ಎರಡು ಸಲ ಜಗ್ಗಿ ನಿಂತುಬಿಟ್ಟಿತು. ಟಾಕಿ ಖಾಲಿ. ದಿವಾನ್ಜಿ ಇಳಿದು ಹೋಗಿ ಮುಚ್ಚಳದ ಅರಗನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದ. ಆಮೇಲೆ ಈ ಸಲ ಗೋಣಿತಾಟಿಲ್ಲದೆಯೇ ಕೆಳಗೆ ತೂರಿ ನೋಡಿದ. ಎದ್ದು ಬಂದು, "ಹಾಕಿದಂಗ ಐತ್ರಿ," ಎಂದಷ್ಟೇ ಹೇಳಿದ. ಸಾಯಬಣ್ಣ ಬಿಸಿಲಿನಲ್ಲಿ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ಮನಗೂಳಿಯಿಂದ ಡಬ್ಬಿಯಲ್ಲಿ ಪೆಟ್ರೋಲು ಬರುವಷ್ಟರಲ್ಲಿ ದಿವಾನ್ಜಿಗೆ ಹೊಸ ಮಾತು ಹೊಳೆದಿತ್ತು. ಕದ್ದಿಲ್ಲ, ಖರೆ, ಆದರೆ ಗಾಡಿಯೇ ಕುಡಿಯುತ್ತದೆಂದು ತೋರಿಸಲು ಸಾಯಬಣ್ಣ ಬೇಕಂತಲೇ ಕಾಲು ಒತ್ತಿ ಸುಟ್ಟಿದ್ದಾನೆ ಎಂದ. ಸಾವುಕಾರರು ಬಿಸಿಲಿಗೆ ಬೇಸತ್ತಿದ್ದರು. ಯಾರು ಸುಟ್ಟರೇನು, ಇಂಥ ಗಾಡಿ ತಮಗೆ ಬೇಡ ಎಂದರು. ಸೊಲ್ಲಾಪುರದ ವ್ಯಾಪಾರಿಯೊಬ್ಬ ಎರಡು ಸಂತೆ ಬಿಟ್ಟು ಬರುವವನಿದ್ದ, ಅವನಿಗೆ ಮಾರಿಬಿಡುವುದು; ಗಾಡಿ ಹೋದ ಮೇಲೆ ಡ್ರೈವರ್ ಬೇಕಿಲ್ಲ. ಲಾರಿಗೆ ಹಾಕಿಕೊಳ್ಳುವ ಮಾತು ಅವರ ಬಾಯಿಂದ ಬರಲಿಲ್ಲ. ಕಳ್ಳ ಎಂಬ ಹೆಸರು ಅಳಿಸಿದರೂ ಗಾಡಿ ಹಾಳು ಮಾಡಿದವನು ಎಂಬ ಹೆಸರು ಹತ್ತಿತ್ತು. ಡ್ರೈವರನಿಗೆ ಎರಡೂ ಒಂದೇ. ಎರಡು ಸಂತೆಯವರೆಗೆ ಗಾಡಿ ನನಗೆ ಬಿಡಿ ಎಂದು ಕೇಳಿಕೊಂಡೆ. ಬಿಟ್ಟರು.

ಮರುದಿನ ಬೆಳಿಗ್ಗೆ ನಾನೂ ಸಾಯಬಣ್ಣನೂ ಬಾನೆಟ್ ಎತ್ತಿದೆವು. ಕಾರ್ಬುರೇಟರಿನಿಂದ ಶುರುಮಾಡಿ ಪ್ಲಗ್ಗಿನವರೆಗೆ ಒಂದೊಂದೇ ನೋಡುತ್ತ ಬಂದೆ. ಪ್ಲಗ್ಗುಗಳೆಲ್ಲ ಕಾಡಿಗೆಯಂತೆ ಕಪ್ಪಾಗಿದ್ದವು. ಪೆಟ್ರೋಲು ಒಳಗೆ ಹೋಗುತ್ತಿದೆ, ಪೂರಾ ಉರಿಯುತ್ತಿಲ್ಲ ಎಂದು ಅದರ ಅರ್ಥ. ಉರಿಯಬೇಕಾದರೆ ಗಾಳಿ ಬೇಕು. ಗಾಳಿ ಒಳಗೆ ಹೋಗುವ ಹಾದಿಯಲ್ಲಿ, ಧೂಳು ಹಿಡಿಯಲು ಎಣ್ಣೆ ತುಂಬಿದ ಒಂದು ಡಬರಿ ಇರುತ್ತದೆ. ಸುಗ್ಗಿಗೆ ಮೊದಲು ಅದನ್ನು ನಾನೇ ತೊಳೆದು ಹೊಸ ಎಣ್ಣೆ ಹಾಕಿದ್ದೆ. ಇನ್ನು ಒಂದು ವರ್ಷ ಅದನ್ನು ತೆರೆದು ನೋಡುವ ಕಾರಣವಿರಲಿಲ್ಲ. ಈಗ ಮುಚ್ಚಳ ತೆಗೆದರೆ ಒಳಗೆ ಎಣ್ಣೆಯೇ ಇಲ್ಲ. ತೊಗರಿಯ ಹೊಟ್ಟು, ಕುಸುಬೆಯ ಮುಳ್ಳುಪುಡಿ ಎಣ್ಣೆಯಲ್ಲಿ ಕಲಸಿ ಗಟ್ಟಿಯಾಗಿ, ಗಾಣದಿಂದ ತೆಗೆದ ಹಿಂಡಿಯ ಗಾಲಿಯಂತೆ ಕೂತಿತ್ತು. ಬೆರಳು ತೂರುವಷ್ಟೂ ಸಂದು ಇರಲಿಲ್ಲ.

ಸಾಯಬಣ್ಣ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ. "ಇದನ್ನ ನಮ್ಮ ಎಮ್ಮಿಗಿ ಹಾಕಿದ್ರ ಎರಡ ಹೊತ್ತು ಹೈನ ಕೊಡತಿತ್ತಲ್ರಿ ಮಿಸ್ತ್ರಿ," ಎಂದ. ಆರೋಪ ಬಂದ ದಿನದಿಂದ ಅವನು ನಕ್ಕದ್ದು ಅದೇ ಮೊದಲು.

ಲಾರಿಗಳಿಗೆ ಹೀಗಾಗಿರಲಿಲ್ಲ, ಅವು ಗಾಳಿ ಎಳೆಯುವುದು ಎತ್ತರದಿಂದ. ಈ ಗಾಡಿಯ ಬಾಯಿ ತಗ್ಗಿನಲ್ಲಿತ್ತು. ಅದನ್ನು ತಯಾರಿಸಿದ ದೇಶದಲ್ಲಿ ರಸ್ತೆಯ ಮೇಲೆ ಯಾರೂ ಕುಸುಬೆ ಹರವುವುದಿಲ್ಲ. ಹರವಬೇಡಿ ಎಂದು ನಮ್ಮ ರೈತರಿಗೆ ಹೇಳುವಂತಿರಲಿಲ್ಲ, ಹೇಳುವುದು ನ್ಯಾಯವೂ ಅಲ್ಲ. ಪೇಢಿಯಲ್ಲಿ ಕಾಳು ಸೋಸುವ ಹಳೆಯ ಜರಡಿಯೊಂದನ್ನು ಕತ್ತರಿಸಿ ಗಾಡಿಯ ಮುಂಭಾಗಕ್ಕೆ ಬಿಗಿದೆ. ಒಳಗಿನ ಡಬರಿಯ ಬಾಯಿಗೆ ತೆಳುವಾದ ಮಲಮಲ್ ಸುತ್ತಿದೆ. ಸುಗ್ಗಿ ಮುಗಿಯುವವರೆಗೆ ಪ್ರತಿ ಸುತ್ತಿನ ಮೇಲೆ ಸೀಮೆಎಣ್ಣೆಯಲ್ಲಿ ತೊಳೆಯುವುದು ಎಂದು ಸಾಯಬಣ್ಣ ತಾನೇ ಒಪ್ಪಿಕೊಂಡ. ಲಿಲಾವಿನಲ್ಲಿ ತಂದ ಗಾಡಿಗೆ ಮೂತಿಗೆ ಜರಡಿ ಕಟ್ಟಿದ್ದಾರೆ ಎಂದು ಸಂತೆಯ ಜನ ನೋಡಲು ಬಂದರು. ಜರಡಿ ಹಾಳುಮಾಡಿದ್ದಕ್ಕೆ ದಿವಾನ್ಜಿ ನನ್ನ ಮೇಲೆ ಮುನಿಸಿಕೊಂಡ.

ಹೊಗೆ ನಿಂತಿತು. ಪೆಟ್ರೋಲು ಕಡಿಮೆ ಹತ್ತತೊಡಗಿತು. ಆದರೆ ಗಾಡಿ ಉಳಿಯುವಷ್ಟು ಕಡಿಮೆಯಾಗಲಿಲ್ಲ. ಒಂದು ಕಾರಣ ಸಿಕ್ಕಿತೆಂದು ಮಿಸ್ತ್ರಿ ಹತಾರ ಕೆಳಗಿಡಬಾರದು. ಈ ಮಾತನ್ನು ಹುಡುಗರು ನೆನಪಿಟ್ಟುಕೊಳ್ಳಬೇಕು. ನಾನು ಆ ವಾರ ಹಾಗೆಯೇ ಇಡುವವನಿದ್ದೆ. ಇಡದಂತೆ ಮಾಡಿದ್ದು ಟಾಯರು. ಮುಂದಿನ ಎರಡು ಟಾಯರುಗಳು ಅರದಿಂದ ಉಜ್ಜಿದಂತೆ ಸವೆದಿದ್ದವು. ಸಾಯಬಣ್ಣನ ಸಂಗಡ ಸಿಂದಗಿಗೆ ಹೋದೆ. ಬಜಾರಿನ ತಿರುವಿನಲ್ಲಿ ಗಾಡಿ ಸರಾಗವಾಗಿ ತಿರುಗದೆ, ಹಗ್ಗ ಬಿಗಿದ ಹೋರಿಯಂತೆ ಜಗ್ಗಿ ಜಗ್ಗಿ ತಿರುಗಿತು. ಅವನ ತೋಳಿನ ನರ ಎದ್ದು ಕಾಣುತ್ತಿದ್ದವು. ನನ್ನ ಕಣ್ಣು ಗೇರಿನ ಪಕ್ಕದ ಗಿಡ್ಡ ಹಿಡಿಯ ಮೇಲೆ ಬಿತ್ತು. ನಾಲ್ಕು ಗಾಲಿಯ ಹಿಡಿ ಎಳೆದೇ ಇತ್ತು.

ಯಾವಾಗಿನಿಂದ ಹೀಗಿದೆ ಎಂದು ಕೇಳಿದೆ. ದೀಪಾವಳಿಯ ಪೂಜೆ ಆದಂದಿನಿಂದ ಎಂದ. ತಾನು ಎರಡು ಸಲ ತೆಗೆದಿದ್ದನಂತೆ; ಸಾವುಕಾರರು ಸಿಟ್ಟಾಗಿ ತಿರುಗಿ ಹಾಕಿಸಿದ್ದರಂತೆ. ದೊಡ್ಡವರು ಹೇಳಿದ ಮೇಲೆ ಅದನ್ನೊಂದು ವಿಷಯವೆಂದು ಯಾರಿಗಾದರೂ ಹೇಳಬೇಕೆಂದು ಅವನಿಗೆ ಅನಿಸಿರಲಿಲ್ಲ.

ನಾಲ್ಕು ಗಾಲಿಯ ಜೋಡಣೆ ಕೆಸರಿಗಾಗಿ ಇರುವುದು. ತಿರುವಿನಲ್ಲಿ ಮುಂದಿನ ಗಾಲಿ ಓಡುವ ದಾರಿ ಹೆಚ್ಚು, ಹಿಂದಿನದು ಕಡಿಮೆ. ಎರಡನ್ನೂ ಕಟ್ಟಿಹಾಕಿದರೆ ಒಂದನ್ನೊಂದು ಎಳೆದಾಡುತ್ತವೆ. ಕೆಸರಿನಲ್ಲಿ ಜಾರಿ ಹೊಂದಿಕೊಳ್ಳುತ್ತವೆ. ಗಟ್ಟಿ ರಸ್ತೆಯಲ್ಲಿ ಜಾರಲು ಜಾಗವಿಲ್ಲ, ಆ ಜಗಳದಲ್ಲಿ ಟಾಯರೂ ಪೆಟ್ರೋಲೂ ಹೋಗುತ್ತವೆ. ಆ ಗಾಡಿಯಲ್ಲಿ ಹಿಡಿ ತೆಗೆದರಷ್ಟೇ ಸಾಲದು. ಇಳಿದು, ಮುಂದಿನ ಎರಡೂ ಗಾಲಿಗಳ ನಟ್ಟನಡುವೆ ಇರುವ ಬಿಲ್ಲೆಗಳನ್ನೂ ಕೈಯಿಂದ ತಿರುಗಿಸಬೇಕು. ಇದನ್ನು ಸಾವುಕಾರರಿಗೆ ಹೇಳುವುದು ಹೇಗೆ? ಪೆಟ್ರೋಲು ಕುಡಿಸಿದವರು ನೀವೇ ಎಂದು ಯಜಮಾನನಿಗೆ ಹೇಳಿ ಊರಲ್ಲಿ ಉಳಿದ ಮಿಸ್ತ್ರಿಯನ್ನು ನಾನು ಕಂಡಿರಲಿಲ್ಲ.

ಬೆಳಿಗ್ಗೆ ಹೋಗಿ, ಆ ಹಿಡಿಯನ್ನು ತೆಗೆದು ಓಡಿಸಿದರೆ ಹೇಗೆ ಎಂದು ಮೆಲ್ಲಗೆ ಕೇಳಿದೆ. ಸಾವುಕಾರರ ಉತ್ತರ ಸಿದ್ಧವಿತ್ತು.

"ನಾಕೂ ಗಾಲಿಗಿ ರೊಕ್ಕ ಕೊಟ್ಟೇನಿ ಮಿಸ್ತ್ರಿ. ಎರಡು ದುಡದು, ಎರಡು ಕುಂತು ಉಣ್ಣಾವೇನು?"

ವಾದ ಮಾಡಲಿಲ್ಲ. ಅವರಿಗೆ ಗಾಡಿ ಓಡಿಸಲು ಬರುತ್ತಿತ್ತು. ನೀವೇ ಸ್ವಲ್ಪ ಓಡಿಸಿ ನೋಡಿರಿ ಎಂದೆ. ಲಿಂಬೆ ಹರವುವ ಗಟ್ಟಿ ಬಯಲಿನಲ್ಲಿ ಅವರು ಸ್ಟೇರಿಂಗ್ ಹಿಡಿದು ಎರಡು ಸುತ್ತು ಹೊಡೆದರು. ಗಾಡಿ ನಿಲ್ಲಿಸಿದಾಗ ಅಂಗಿ ಬೆನ್ನಿಗೆ ಅಂಟಿತ್ತು. ಸಾಯಬಣ್ಣ ಇಳಿದು ಬಿಲ್ಲೆಗಳನ್ನು ತಿರುಗಿಸಿ ಹಿಡಿ ತೆಗೆದ. ಮತ್ತೆ ಓಡಿಸಿದರು. ಒಂದು ಸುತ್ತು, ಎರಡು ಸುತ್ತು, ಮೂರನೆಯದೂ ಹೊಡೆದರು, ಒಂದೇ ಕೈಯಲ್ಲಿ. ನಮ್ಮ ಮುಂದೆ ಬಂದು ನಿಲ್ಲಿಸಿ, ಇಳಿಯದೆ, ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತರು.

"ಅಲ್ಲ ಮಿಸ್ತ್ರಿ. ನಾಕ ಜೋಡಿ ಎತ್ತು ಹೂಡಿ ಸಂತಿಗಿ ಉಪ್ಪು ತರಾಕ ಹೋದಂಗಾತಲ್ಲ ಇದು."

ತಾವೇ ನಕ್ಕರು. ನಗು ನಿಂತ ಮೇಲೆ ಸಾಯಬಣ್ಣನ ಕಡೆ ನೋಡಿ, "ಹಂಗ ಓಡಸಂತ ನಾನ ಹೇಳಿದ್ದೆ," ಎಂದರು. ನಾನು ಹಲವು ಯಜಮಾನರ ಕೈಕೆಳಗೆ ದುಡಿದೆ. ಇಂಥ ಮಾತು ಕೇಳಿದ್ದು ಅವರೊಬ್ಬರ ಬಾಯಿಂದ.

ದಿವಾನ್ಜಿಗೆ ಸಮಾಧಾನವಾಗಲಿಲ್ಲ. ಬಯಲಿನಲ್ಲಿ ಸುತ್ತು ಹಾಕಿದರೆ ಏನು ತಿಳಿಯುತ್ತದೆ, ಹಾದಿಯ ಮೇಲೆ ತೋರಿಸಲಿ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಸೊಲ್ಲಾಪುರದ ವ್ಯಾಪಾರಿ ಬರುವ ಮುನ್ನಾದಿನ ಮತ್ತೆ ಟಾಕಿ ತುಂಬಿಸಿ, ಮತ್ತೆ ಎರಡು ಮುದ್ರೆ ಒತ್ತಿ, ಅದೇ ನಾಲ್ವರು ಅದೇ ಹಾದಿ ಹಿಡಿದೆವು. ಊರು ಮುಟ್ಟಿದರೆ ಗಾಡಿ ಉಳಿಯುತ್ತದೆ, ಸಾಯಬಣ್ಣ ಉಳಿಯುತ್ತಾನೆ. ನಡುವೆ ನಿಂತರೆ ಎರಡೂ ಇಲ್ಲ.

ಸಿಂದಗಿಯವರೆಗೆ ಗಾಡಿ ಎಣ್ಣೆಯ ಮೇಲೆ ಜಾರಿದಂತೆ ಓಡಿತು. ಹಿಪ್ಪರಗಿ ಬಿಟ್ಟ ಮೇಲೆ ಮೋಡ ಕವಿಯಿತು. ಸುಗ್ಗಿಯಲ್ಲಿ ಯಾರೂ ಕರೆಯದ ಮಳೆ. ರಸ್ತೆಯ ಮೇಲಿನ ಕುಸುಬೆಯನ್ನು ಜನ ಸಿಕ್ಕಸಿಕ್ಕಲ್ಲಿ ಬಾಚಿಕೊಂಡು ಓಡುತ್ತಿದ್ದರು. ಡೋಣಿಯ ಸೀಮೆಗೆ ಇಳಿಯುವಷ್ಟರಲ್ಲಿ ಡಾಂಬರು ಮುಗಿದು ಎರೆಮಣ್ಣಿನ ಹಾದಿ ಶುರುವಾಯಿತು. ಅದು ಹಾದಿಯಾಗಿ ಉಳಿದಿರಲಿಲ್ಲ, ಕಪ್ಪು ಅಂಟು. ಸಾಯಬಣ್ಣ ಮಳೆಯಲ್ಲೇ ಇಳಿದು ಮುಂದಿನ ಬಿಲ್ಲೆಗಳನ್ನು ತಿರುಗಿಸಿ ಬಂದು ಹಿಡಿ ಎಳೆದ. ಗಾಡಿ ಮೆಲ್ಲಗೆ ನಾಲ್ಕೂ ಕಾಲೂರಿ ನಡೆಯಿತು. ಹಿಡಿಯ ಕೆಲಸವೇನೆಂದು ಸಾವುಕಾರರು ಅಂದು ಕಂಡರು.

ನದಿಗೆ ಸ್ವಲ್ಪ ಮೊದಲು ಒಂದು ಬಸ್ಸು ಹೂತು ನಿಂತಿತ್ತು. ಜನ ಇಳಿದು ಮಳೆಯಲ್ಲಿ ನೆನೆಯುತ್ತಿದ್ದರು; ಕೂಸುಗಳನ್ನು ಸೆರಗಿನಲ್ಲಿ ಸುತ್ತಿಕೊಂಡ ಹೆಣ್ಣುಮಕ್ಕಳಿದ್ದರು. ಪಕ್ಕದಲ್ಲಿ ನಮಗೆ ಹೋಗುವಷ್ಟು ಜಾಗವಿತ್ತು. ಸಾಯಬಣ್ಣ ಗಾಡಿ ನಿಲ್ಲಿಸಿದ.

ದಿವಾನ್ಜಿ ಹಿಂದಿನಿಂದ ಅವನ ಹೆಗಲು ಮುಟ್ಟಿದ. "ಬಸ್ ಜಗ್ಗಿದ್ರ ಪೆಟ್ರೋಲ್ ಎಷ್ಟ ಹೊಕ್ಕೈತಿ ಗೊತ್ತೈತೇನು? ಆಮ್ಯಾಲ ಮನಗೂಳ್ಯಾಗ ನಿಂತ್ರ ನನಗ ಅನಬ್ಯಾಡ." ಬಯ್ಯುವ ದನಿಯಲ್ಲ ಅದು. ಮೊದಲ ಸಲ ಅವನು ಸಾಯಬಣ್ಣನ ಕಡೆಯವನಾಗಿ ಮಾತಾಡಿದಂತೆ ನನಗೆ ಕೇಳಿಸಿತು.

ಸಾಯಬಣ್ಣ ಸಾವುಕಾರರ ಮುಖ ನೋಡಿದ. ಸಾವುಕಾರರು ನಿನ್ನ ಇಷ್ಟ ಎನ್ನುವಂತೆ ತಲೆಯಾಡಿಸಿದರು. ಬೇಡ ಎನ್ನಬೇಕೆಂದುಕೊಂಡೆ; ಆ ಹೆಣ್ಣುಮಕ್ಕಳನ್ನು ನೋಡಿ ಅನ್ನಲಾಗಲಿಲ್ಲ.

"ಹೋದ್ರ ಹೋಗ್ಲಿ ಬಿಡ್ರಿ," ಎಂದ ಸಾಯಬಣ್ಣ. "ಕೂಸು ನೆನ್ಯಾಕತ್ತಾವು."

ಗಾಡಿಯಲ್ಲಿ ಇಟ್ಟುಕೊಂಡಿದ್ದ ಲಾರಿಯ ಹಗ್ಗವನ್ನು ಬಸ್ಸಿಗೆ ಕಟ್ಟಿದೆವು. ಎಂಜಿನ್ನಿನ ದನಿ ಏರಿದಂತೆಲ್ಲ ನನಗೆ ಟಾಕಿಯೊಳಗೆ ಪೆಟ್ರೋಲು ಇಳಿಯುತ್ತಿರುವುದು ಕಾಣುತ್ತಿತ್ತು. ಬಸ್ಸು ಮೊದಲ ಸಲ ಕದಲಲಿಲ್ಲ. ಎರಡನೆಯ ಸಲ ಕೆಸರು ಬಾಯಿ ಬಿಟ್ಟ ಸದ್ದಾಗಿ, ಗಂಡಸರೆಲ್ಲ ಹಿಂದಿನಿಂದ ನೂಕಿ, ಬಸ್ಸು ಮೇಲೆದ್ದಿತು. ಜನ ಗಾಡಿಯ ಸುತ್ತ ಸೇರಿ ಅದರ ಮೂತಿಯ ಜರಡಿಯನ್ನು ತಟ್ಟಿದರು.

ಗಟ್ಟಿ ರಸ್ತೆ ಸಿಕ್ಕೊಡನೆ ಸಾಯಬಣ್ಣ ಇಳಿದು ಬಿಲ್ಲೆ ತಿರುಗಿಸಿ ಹಿಡಿ ತೆಗೆದ. ಮುದ್ದೇಬಿಹಾಳ ಹಾಯ್ದೆವು. ಬಾಗೇವಾಡಿಯ ಪಂಪಿನವನು ಗಾಡಿಯನ್ನು ದೂರದಿಂದ ಕಂಡು ಪೈಪು ಹಿಡಿದು ಎದ್ದು ನಿಂತಿದ್ದ. ಸಾಯಬಣ್ಣ ಉದ್ದಕ್ಕೆ ಹಾರ್ನು ಬಾರಿಸಿ ಮುಂದೆ ಹೋದ. ಅವನು ಪೈಪು ಹಿಡಿದೇ ನಮ್ಮನ್ನು ನೋಡುತ್ತ ನಿಂತ. ಸಾವುಕಾರರು ತೊಡೆ ತಟ್ಟಿ ನಕ್ಕರು. ಮನಗೂಳಿ ಹೋಯಿತು, ವಿಜಾಪುರ ಹೋಯಿತು. ಹೊರ್ತಿಯ ಏರಿನಲ್ಲಿ ಎಂಜಿನ್ ಒಮ್ಮೆ ಕೆಮ್ಮಿದಂತಾಯಿತು, ಗೇರು ಬದಲಿಸಿದ್ದಷ್ಟೇ. ಹೊತ್ತು ಮುಳುಗುವ ಮುಂಚೆ ಗಾಡಿ ಪೇಢಿಯ ಮುಂದೆ ನಿಂತಿತು. ದಿವಾನ್ಜಿ ತಾನೇ ಮುದ್ರೆ ಒಡೆದು, ತಾನೇ ಬಿದಿರು ಕಡ್ಡಿ ಇಳಿಸಿ ಎತ್ತಿದ. ಕಡ್ಡಿಯ ತುದಿ ನಾಲ್ಕು ಬೆರಳಿನಷ್ಟು ಒದ್ದೆಯಾಗಿತ್ತು. ಅವನು ಅದನ್ನು ಮೂಸಿ ನೋಡಿ, ಸಾವುಕಾರರ ಕೈಗೆ ಕೊಟ್ಟ.

ಸೊಲ್ಲಾಪುರದ ವ್ಯಾಪಾರಿ ಮರುದಿನ ಬಂದು ಚಹಾ ಕುಡಿದು ಹೋದ. ಅದು ಸಂತೆಯ ದಿನ. ಪೇಢಿಯ ಮುಂದೆ ಲಿಂಬೆಯ ಚೀಲ, ಬಂಡಿ, ಹಮಾಲರು. ಮುದ್ದೇಬಿಹಾಳದ ಒಬ್ಬ ಕಂತ್ರಾಟುದಾರನೂ ಬಂದಿದ್ದ. ಬಸ್ಸಿನಲ್ಲಿದ್ದವರು ಸುದ್ದಿ ಹಬ್ಬಿಸಿದ್ದರು. ಆ ಡ್ರೈವರನನ್ನು ತನಗೆ ಕೊಡಿ ಎಂದು ಎಲ್ಲರೆದುರೇ ಕೇಳಿದ. ಸಾವುಕಾರರು ಗಾಬರಿಯಾಗಿ ಸಾಯಬಣ್ಣನನ್ನು ಕರೆದು, ಹೋಗುತ್ತೀಯೇನು ಎಂದರು.

"ಎಲ್ಲಿಗೂ ಹೋಗಂಗಿಲ್ರಿ," ಎಂದ ಸಾಯಬಣ್ಣ. "ದಿವಾನ್ಜಿ ಅವತ್ತು ಈ ಕಟ್ಟಿ ಮ್ಯಾಲ ನಿಂತು ಒಂದು ಮಾತು ಅಂದಿದ್ರು. ಇಲ್ಲೇ ನಿಂತು ಅದನ್ನ ತಿರುಗಿ ತಗೊಳ್ಳಿ. ಅಷ್ಟ ಸಾಕು."

ದಿವಾನ್ಜಿ ಒಳಗಿನಿಂದ ಎದ್ದು ಬಂದ. ಟೊಪ್ಪಿಗೆ ಸರಿಮಾಡಿಕೊಂಡು ಕಟ್ಟೆಯ ಅಂಚಿಗೆ ನಿಂತ.

"ಸಾಯಬಣ್ಣ ಕದ್ದಿಲ್ಲ," ಎಂದ. "ನಾ ಅಂದಿದ್ದು ಸುಳ್ಳು."

ಬಂಡಿಯ ಮೇಲಿದ್ದ ಹಮಾಲನೊಬ್ಬ ಕಿವಿಗೆ ಕೈ ಹಚ್ಚಿ, "ಹಿಂದ ಕೇಳಸಲಿಲ್ರಿ ದಿವಾನ್ಜಿ," ಎಂದ. ಜನ ನಕ್ಕರು. ದಿವಾನ್ಜಿಯ ಮುಖ ಕೆಂಪಾಯಿತು. ಆದರೂ ಇನ್ನೊಮ್ಮೆ ಹೇಳಿದ. ಈ ಸಲ ಸಂತೆಯ ಆ ತುದಿಯವರೆಗೆ ಮುಟ್ಟುವಂತೆ. ಯಾರೋ ಲಿಂಬೆಯ ಚೀಲದ ಹಿಂದಿನಿಂದ, ನಮಗೂ ಕೇಳಿಸಲಿಲ್ಲ ಎಂದು ಕೂಗಿದರು. ಅವನು ಮೂರನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ಸಾಯಬಣ್ಣ ಕಟ್ಟೆ ಹತ್ತಿ, ಅವನ ಕೈ ಹಿಡಿದ.

"ಸಾಕ್ ಬಿಡ್ರಿ ದಿವಾನ್ಜಿ," ಎಂದ. "ನನಗ ಕೇಳಿಸ್ತು."